ಹದಿನೇಳು ಒಂದುಗಳು

ನೀತಾ ಬಾಗಿಲು ತಟ್ಟಿದಾಗ ರೇಣುಬಾಯಿ ಅಣ್ಣನ ಲೆಕ್ಕದ ವಹಿಯಲ್ಲಿ ಆ ವಾರದ ಕೊನೆಯ ಪುಟಕ್ಕೆ ಸಹಿ ಹಾಕುತ್ತಿದ್ದರು. ವಹಿ ಕೈಗೆ ಬಂದು ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ.

ಪ್ರತಿ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಂದುಮಾಧವರಾಯರು ನೆಲಮಹಡಿಯಿಂದ ಎರಡನೆಯ ಮಹಡಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಎಪ್ಪತ್ತೆಂಟರ ಮೊಣಕಾಲು, ಆದರೂ ವಹಿಯನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿರಲಿಲ್ಲ. ತಂಗಿಗೆ ವಹಿ ಕೊಟ್ಟು, ಅದರ ಮೇಲೊಂದು ಬಾಕರವಡಿಯ ಪೊಟ್ಟಣ ಇಟ್ಟು, "ಮೂರು ತಾಸಿನ ಕೆಲಸಾ ಮಾಡಾಕಿ, ನಡುವ ಏನರೆ ಬಾಯಾಗ ಹಾಕ್ಕೋ" ಎಂದು ಹೇಳಿ ಇಳಿದು ಹೋಗುತ್ತಿದ್ದರು. ಹದಿನೆಂಟು ವರ್ಷ ಒಂದು ಗುರುವಾರವೂ ತಪ್ಪಿರಲಿಲ್ಲ.

ವಹಿಯಲ್ಲಿ ಇರುತ್ತಿದ್ದದ್ದು ಭಾಗಾಕಾರ. ಅದೂ ಒಂದೇ ಸಂಖ್ಯೆಯ ಭಾಗಾಕಾರ. ಹದಿನೇಳು ಒಂದುಗಳನ್ನು ಸಾಲಾಗಿ ಬರೆದರೆ ಆಗುವ ಸಂಖ್ಯೆ: ೧೧೧೧೧೧೧೧೧೧೧೧೧೧೧೧೧.

ರಾಯರು ಪುಣೆಯ ಖಡಕಿಯ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾದ ವಾರವೇ ಇದಕ್ಕೆ ಕೈಹಾಕಿದ್ದರು. ಒಂದುಗಳನ್ನೇ ಪೋಣಿಸಿ ಮಾಡಿದ ಸಂಖ್ಯೆಗಳೆಂದರೆ ಅವರಿಗೆ ಹುಡುಗತನದಿಂದಲೂ ಹುಚ್ಚು. ಮೂರು ಒಂದುಗಳನ್ನು ಮೂವತ್ತೇಳು ಒಡೆಯುತ್ತದೆ, ಅಂದರೆ ಶೇಷವಿಲ್ಲದೆ ಭಾಗಿಸುತ್ತದೆ. ಐದು ಒಂದುಗಳನ್ನು ನಲವತ್ತೊಂದು ಒಡೆಯುತ್ತದೆ. ಏಳು ಒಂದುಗಳಿಗೆ ಇನ್ನೂರ ಮೂವತ್ತೊಂಬತ್ತು ಬೇಕು. ಹದಿಮೂರನ್ನು ಐವತ್ಮೂರೇ ಒಡೆದುಹಾಕುತ್ತದೆ. ಹದಿನೈದು, ಹದಿನಾರಕ್ಕೆ ಶ್ರಮವೇ ಬೇಡ. ಹದಿನೈದು ಒಂದುಗಳನ್ನು ಮೂರು ಮೂರಾಗಿ ಕೂರಿಸಿದರೆ ನೂರ ಹನ್ನೊಂದು ಕಣ್ಣಿಗೇ ಕಾಣುತ್ತದೆ. ಹದಿನೇಳು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. "ಇದನ್ನ ಒಡಿಯೂ ಸಂಖ್ಯಾ ಅದನೋ ಇಲ್ಲೋ, ಅಷ್ಟು ನೋಡೇ ಬಿಡತೀನಿ" ಎಂದು ಕೂತವರು ಕೂತೇಬಿಟ್ಟರು. ಯಂತ್ರ ಮುಟ್ಟುವುದಿಲ್ಲ, ಯಾರನ್ನೂ ಕೇಳುವುದಿಲ್ಲ ಎಂಬುದು ಅವರ ಪಣ. ಮನೆಯವರೂ ಅದನ್ನು ಕಾಯ್ದುಕೊಂಡು ಬಂದಿದ್ದರು.

ಬಿ.ಎಸ್‌ಸಿ. ಮಾಡಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ರೇಣುಬಾಯಿ ಆಗ ಒಂದು ಸಹಾಯ ಮಾಡಿದ್ದರು. ಈ ಸಂಖ್ಯೆಯನ್ನು ಒಡೆಯುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು ಎಂದು ತೋರಿಸಿಕೊಟ್ಟಿದ್ದರು. ಉಳಿದವನ್ನೆಲ್ಲ ಬಿಡಬಹುದು. ಅಷ್ಟಾದರೂ ಸಾಗರದಷ್ಟು ಕೆಲಸ. ದಿನಕ್ಕೆ ಒಂದು ಹಾಳೆ, ಹಾಳೆಗೆ ನಾಲ್ಕು ಭಾಗಾಕಾರ.

ಕಾರ್ಖಾನೆಯಲ್ಲಿ ಒಬ್ಬ ಅಳೆದದ್ದನ್ನು ಇನ್ನೊಬ್ಬ ಅಳೆದು ಸಹಿ ಹಾಕದೆ ಒಂದು ತಿರುಪೂ ಹೊರಗೆ ಹೋಗುತ್ತಿರಲಿಲ್ಲ. ರಾಯರು ಆ ಪದ್ಧತಿಯನ್ನು ಮನೆಗೂ ತಂದರು. ಹಾಳೆಯ ಕೆಳಗೆ ಎಡಕ್ಕೆ ಅವರ ಸಹಿ, ಬಲಕ್ಕೆ ತಂಗಿಯದು. ಭಾಗಲಬ್ಧವನ್ನು ಭಾಜಕದಿಂದ ಪೂರ್ತಿ ಗುಣಿಸಿ, ಶೇಷ ಕೂಡಿಸಿ, ಹದಿನೇಳು ಒಂದುಗಳು ತಿರುಗಿ ಬಂದರೆ ಮಾತ್ರ ಆಕೆ ಸಹಿ ಹಾಕಬೇಕು.

ನೀತಾ ರಾಯರ ಸೊಸೆ. ರಾಂಜಣಗಾಂವದ ಒಂದು ಕಂಪನಿಯಲ್ಲಿ ಗುಣಮಟ್ಟ ನೋಡುವ ಕೆಲಸ, ಗುರುವಾರ ರಜೆ. ಒಳಗೆ ಬಂದವಳು ಬಾಗಿಲನ್ನು ಮೆಲ್ಲಗೆ ಹಿಂದೆ ಸರಿಸಿದಳು.

"ಅತ್ಯಾ, ಒಂದು ಮಾತು. ಸಿಟ್ಟಾಗಬ್ಯಾಡ್ರಿ."

"ನಿನ್ನ ಮ್ಯಾಲೆ ಯಾವಾಗ ಸಿಟ್ಟಾಗೇನಿ? ಕೂಡು."

"ರವಿವಾರ ಮಾವನೋರ ಸತ್ಕಾರ ಅದ ಅಂತ ನಮ್ಮ ಕಂಪನಿ ಗ್ರೂಪಿನ್ಯಾಗ ಹಾಕಬೇಕಂದೆ. ಆ ಸಂಖ್ಯಾದ ಬಗ್ಗೆ ಮರಾಠಿಯೊಳಗ ಎರಡು ಸಾಲು ಬರಿಯೂಣು ಅಂತ ಫೋನಿನ್ಯಾಗ ಹಾಕಿ ನೋಡಿದೆ." ಅವಳು ಫೋನನ್ನು ಮೇಜಿನ ಮೇಲಿಟ್ಟಳು. "ಅದು ಒಡೀತದ್ರಿ ಅತ್ಯಾ."

ಪರದೆಯ ಮೇಲೆ ಎರಡು ಸಂಖ್ಯೆಗಳಿದ್ದವು. ೨೦೭೧೭೨೩. ೫೩೬೩೨೨೨೩೫೭.

ರೇಣುಬಾಯಿ ಒಂದು ಹಾಳೆ ತೆಗೆದುಕೊಂಡು ಗುಣಿಸಿದರು. ಹತ್ತು ನಿಮಿಷ ಹಿಡಿಯಿತು. ಕೂಡಿಸುತ್ತ ಬಲದಿಂದ ಎಡಕ್ಕೆ ಹೋದಂತೆ ಒಂದು, ಒಂದು, ಒಂದು ಎಂದು ಬೀಳುತ್ತ ಹೋಯಿತು. ಹದಿನೇಳಕ್ಕೆ ನಿಂತಿತು.

"ಮಾವನೋರು ಇನ್ನೂ ಇಲ್ಲೀತನಾ ಬಂದಿಲ್ಲೇನ್ರಿ?" ನೀತಾ ಕೇಳಿದಳು.

ಬಂದಿದ್ದರು. ಈಗ ಇಪ್ಪತ್ತಮೂರು ಲಕ್ಷದ ಆಚೆಯ ಭಾಜಕಗಳು ನಡೆದಿದ್ದವು. ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರ ಅಂದರೆ ಎರಡು ವರ್ಷ ಹಿಂದಿನ ಮಾತು. ನೀತಾ ಕೆಳಗೆ ಹೋಗಿ, ಮಾವ ಹಾಲು ತರಲು ಹೋದ ಹೊತ್ತು ನೋಡಿ, ಉಕ್ಕಿನ ಕಪಾಟಿನಿಂದ ಆ ವಹಿ ತಂದಳು.

ಹಾಳೆಯ ಮೂರನೆಯ ಭಾಗಾಕಾರ. ರಾಯರ ಅಂಕಿಗಳು ಅಚ್ಚು ಹಾಕಿದಂತೆ ಸಾಲಾಗಿ ಇಳಿದಿದ್ದವು. ಕೊನೆಯ ಮೆಟ್ಟಿಲಿಗೆ ಮೊದಲು ೧೪೫೦೨೦೬ ಬರಬೇಕು. ಬರೆದದ್ದು ೧೪೫೦೨೬೦. ಕೊನೆಯ ಎರಡು ಅಂಕಿ ಅದಲುಬದಲು. ಶೇಷ ಸೊನ್ನೆ ಆಗುವುದು ತಪ್ಪಿ ಐದುನೂರ ನಲವತ್ತು ಆಗಿತ್ತು. ಕೆಳಗೆ ಬಲಕ್ಕೆ ನೀಲಿ ಮಸಿಯಲ್ಲಿ ರೇಣುಬಾಯಿಯ ದುಂಡಗಿನ ಸಹಿ, ಅದರಡಿ ಒಂದು ಗೆರೆಯೂ ಇತ್ತು.

ನೀತಾ ಅಂಕಿಗಳನ್ನು ನೋಡಿದಳು, ಸಹಿಯನ್ನೂ ನೋಡಿದಳು. ದಿನಾ ಇಂಥದೇ ಕೆಲಸ ಮಾಡುವವಳು. ನೋಡದೆ ಹಾಕಿದ ಸಹಿ ಹೇಗಿರುತ್ತದೆಂದು ಅವಳಿಗೆ ಗೊತ್ತಿರದೆ ಇರಲಿಲ್ಲ. "ವಯಸ್ಸಾದ ಕಣ್ಣು, ಆಗತದ್ರಿ" ಎಂದಷ್ಟೇ ಹೇಳಿ, ಯಾರ ಕಣ್ಣು ಎಂದು ಹೇಳದೆ, ಕುಡಿದಿಟ್ಟ ಚಹಾದ ಕಪ್ಪನ್ನು ತೊಳೆದಿಟ್ಟು ಹೋದಳು.

ಕಣ್ಣಿನ ಮಾತು ಅದಾಗಿರಲಿಲ್ಲ. ಐದು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದಾಗ ಒಂದು ತಿಂಗಳ ಮಟ್ಟಿಗೆಂದು ರೇಣುಬಾಯಿ ಗುಣಿಸುವುದನ್ನು ಬಿಟ್ಟು ಒಂಬತ್ತು ಕಳೆಯುವ ಲೆಕ್ಕ ಹಿಡಿದಿದ್ದರು. ಅಂಕಿಗಳನ್ನು ಕೂಡಿಸುತ್ತ ಹೋಗಿ ಒಂಬತ್ತು ಬಂದಾಗೆಲ್ಲ ಬಿಸಾಕುವುದು. ಎರಡೂ ಕಡೆ ಒಂದೇ ಉಳಿದರೆ ಸರಿ. ಒಂದು ಭಾಗಾಕಾರಕ್ಕೆ ಅರ್ಧ ನಿಮಿಷ. ಕಣ್ಣು ಗುಣವಾಯಿತು, ಲೆಕ್ಕ ಹಾಗೆಯೇ ಉಳಿಯಿತು. ಮೂರು ತಾಸಿನ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯುವುದು ಹಿತವಾಗಿತ್ತು. ವಹಿಯನ್ನು ಮಾತ್ರ ಮಧ್ಯಾಹ್ನದವರೆಗೆ ಮೇಜಿನ ಮೇಲೆ ತೆರೆದೇ ಇಡುತ್ತಿದ್ದರು.

ಎರಡು ಅಂಕಿ ಅದಲುಬದಲಾದರೆ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಂಕಿಗಳ ಮೊತ್ತ ಬದಲಾಗುವುದಿಲ್ಲವಲ್ಲ! ಇದನ್ನೇ ಅವರು ಮೂವತ್ತು ವರ್ಷ ಎಂಟನೆಯ ಇಯತ್ತೆಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು, "ಇದರ ಮ್ಯಾಲೆ ಪೂರ್ತಿ ಭಾರ ಹಾಕಬ್ಯಾಡ್ರಿ" ಎಂದು ಹೇಳಿ ಕಲಿಸಿದ್ದರು. ಐದುನೂರ ನಲವತ್ತು: ಐದೂ ನಾಲ್ಕೂ ಒಂಬತ್ತು. ಬಿಸಾಕಿದ್ದರು.

ಪೊಟ್ಟಣದ ಬಾಕರವಡಿ ಮೇಜಿನ ಮೇಲಿತ್ತು. ಆಗಲೇ ಎರಡು ತಿಂದಿದ್ದರು. ಬಾಯಲ್ಲಿ ಉಳಿದಿದ್ದ ಗಸಗಸೆಯ, ಎಣ್ಣೆಯ ರುಚಿ ಅಸಹ್ಯವಾಯಿತು. ಐದು ವರ್ಷದ ಗುರುವಾರಗಳು, ಐದು ವರ್ಷದ ಪೊಟ್ಟಣಗಳು. ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ಮತ್ತೆ ಮುಕ್ಕಳಿಸಿದರು.

ಸಂಖ್ಯೆ ಒಡೆಯುತ್ತದೆ ಎಂದು ರವಿವಾರದೊಳಗೆ ಅಣ್ಣನಿಗೆ ಹೇಳಲೇಬೇಕಿತ್ತು. ಅದು ದೊಡ್ಡ ಮಾತಲ್ಲ. ಅಂಕಿ ಬದಲಾಯಿಸಿ ಬರೆದದ್ದು ಅಣ್ಣ. ನನಗೂ ಕಾಣಲಿಲ್ಲ ಎಂದರೆ ಮುಗಿಯಿತು. ಗುಣಿಸಿದ ಕಚ್ಚಾ ಹಾಳೆಗಳನ್ನು ಯಾವಾಗಲೂ ರದ್ದಿಗೆ ಹಾಕುತ್ತಿದ್ದದ್ದರಿಂದ ಯಾರೂ ಕೇಳಲಾರರು. ಗುಣಿಸಿಯೇ ಇಲ್ಲ ಎಂದು ಹೇಳಿದರೆ ಮಾತ್ರ ವಹಿ ಮತ್ತೆ ಮೇಲೆ ಬರುವುದಿಲ್ಲ. ಅಣ್ಣನನ್ನು ಅವರು ಬಲ್ಲರು.

ಶನಿವಾರ ಬೆಳಿಗ್ಗೆ ಕೆಳಗಿಳಿದಾಗ ಅಲ್ಲಿ ನಿತಿನ ಕೂತಿದ್ದ. ರವಿವಾರದ ಸತ್ಕಾರ ಏರ್ಪಡಿಸಿದ್ದ, ಪೇಟೆಯ ಕಡೆಯ ಒಂದು ಕನ್ನಡ ಸಂಘದ ಕಾರ್ಯದರ್ಶಿ. ಮನೆ, ಸೈಟು ಕೊಡಿಸುವ ದಂಧೆ. ಸೋಫಾದ ತುಂಬ ಬ್ಯಾನರ್ ಹರಡಿದ್ದ. ನಡುವೆ ರಾಯರ ಭಾವಚಿತ್ರ, ಆಚೆ ಈಚೆ ಬಂಗಾರದ ಬಣ್ಣದ ಒಂದುಗಳು, ಕೆಳಗೆ ದಪ್ಪಕ್ಷರ: 'ಒಡೆಯದ ಸಂಖ್ಯೆ, ಒಡೆಯದ ಕನ್ನಡಿಗರು'.

"ಬರ್ರಿ ಕಾಕೂ, ಬರ್ರಿ! ನೋಡ್ರಿ ಹೆಂಗದ?"

ರೇಣುಬಾಯಿ ಎಣಿಸಿದರು. "ನಿತಿನ, ಇವು ಹದಿನೆಂಟು ಅವ."

"ಆಚೆ ಒಂಬತ್ತು, ಈಚೆ ಒಂಬತ್ತು. ಬ್ಯಾಲೆನ್ಸ್ ಆಗಬೇಕಲ್ರಿ! ಹದಿನೇಳು ಹಾಕಿದ್ರ ಕಾಕಾನ ಫೋಟೋ ಒಂದು ಕಡೆ ಸರೀತಿತ್ತು."

"ಹದಿನೆಂಟು ಒಂದುಗಳನ್ನ ಮೂರು ಒಡೀತದ. ಹನ್ನೊಂದೂ ಒಡೀತದ. ನಾಲ್ಕನೇ ಇಯತ್ತೆ ಹುಡುಗೂರೂ ಹೇಳತಾವ."

"ಯಾರು ಕುಂತು ಎಣಸ್ತಾರ್ರಿ ಕಾಕೂ!" ನಿತಿನ ನಕ್ಕ. ಚೀಲದಿಂದ ಗುಂಡನೆಯ ಸ್ಟಿಕರುಗಳ ಹಾಳೆ ತೆಗೆದ. "ಇವು ನೋಡ್ರಿ, ಗಾಡಿ ಮ್ಯಾಲೆ ಅಂಟಸೂದು. ಒಂದು ಅಂದ್ರ ಒಗ್ಗಟ್ಟು. ಹದಿನೇಳು ಸಲ ಒಗ್ಗಟ್ಟು. ನಮ್ಮ ವಾರ್ಡಿನ ನಗರಸೇವಕರು ಬರಾಕತ್ತಾರ, ಅವರಿಗೆ ಇಂಥಾದ್ದು ಭಾಳ ಸೇರತದ. ಕಾಕಾ ಈ ಸಂಖ್ಯಾ ಯಾರ ಕಡಿಂದನೂ ಒಡ್ಯಾಕ ಆಗೂದಿಲ್ಲ ಅಂತ ಸಿದ್ಧ ಮಾಡ್ಯಾರ, ಅಷ್ಟು ಸಾಕು."

"ನಾ ಸಿದ್ಧ ಮಾಡಿಲ್ಲೋ," ರಾಯರು ಮೆಲ್ಲಗೆ ಹೇಳಿದರು. "ಇನ್ನೂ ತನಕ ಒಡದಿಲ್ಲ, ಅಷ್ಟ ಅಂದೀನಿ. ಸಿದ್ಧ ಆಗಬೇಕಂದ್ರ ಹತ್ತು ಕೋಟಿ ದಾಟಬೇಕು. ನನ್ನಂಥಾವರು ನಲವತ್ತು ಮಂದಿ ಹುಟ್ಟಿ ಸಾಯಬೇಕು."

"ಅದs ಅದ, ಅದs ಅದ," ಎಂದು ನಿತಿನ ಅವರ ಹೆಗಲು ತಟ್ಟಿದ.

ಅಣ್ಣ ಮುಜುಗರಪಟ್ಟರೂ ಬ್ಯಾನರಿನ ಮೇಲಿನ ತಮ್ಮ ಮುಖವನ್ನು ವಾರೆಗಣ್ಣಿನಿಂದ ಎರಡು ಸಲ ನೋಡಿದ್ದನ್ನು ರೇಣುಬಾಯಿ ಕಂಡರು. ಆ ಬಂಗಾರದ ಬಣ್ಣ, ಸ್ಟಿಕರಿನ ಅಂಟಿನ ವಾಸನೆ, ನಿತಿನನ ಪಾನ್‌ಮಸಾಲೆಯ ಹಲ್ಲು, ಎಲ್ಲ ಸೇರಿ ಮೈಯೆಲ್ಲ ಜಿಗುಟು ಹತ್ತಿದಂತೆ ಆಯಿತು. ಎಣಿಸದೆ ಹದಿನೆಂಟು ಅಚ್ಚು ಹಾಕಿಸಿದವನನ್ನು ನೋಡಿ ಹೇಸಿಕೊಳ್ಳುತ್ತಿರುವಾಗಲೇ ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು: ಇವನಾದರೂ ಎಣಿಸಿದ್ದೇನೆ ಎಂದು ಎಲ್ಲಿಯೂ ಸಹಿ ಹಾಕಿಲ್ಲ.

ನಿತಿನ ಬ್ಯಾನರ್ ಸುತ್ತಿಕೊಂಡು ಹೋದ ಮೇಲೆ ರೇಣುಬಾಯಿ ಅಣ್ಣನ ಎದುರಿಗೆ ಕೂತರು.

"ಅಣ್ಣಾ, ಪೆನ್ಸಿಲ್ ತಗೋ. ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರರಿಂದ ಒಮ್ಮೆ ಭಾಗಸು."

"ಅದು ಆಗೇದಲ್ಲ?"

"ಮತ್ತೊಮ್ಮೆ ಮಾಡು."

ರಾಯರು ತಂಗಿಯ ಮುಖ ನೋಡಿ, ಹೆಚ್ಚು ಕೇಳದೆ ಹಾಳೆ ಎಳೆದುಕೊಂಡರು. ಹತ್ತು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲಿ ಒಂದೊಂದು ಒಂದನ್ನು ಕೆಳಗಿಳಿಸುತ್ತ, ತುಟಿ ಅಲ್ಲಾಡಿಸುತ್ತ ಹೋದರು. ಕೊನೆಯಲ್ಲಿ ೧೪೫೦೨೦೬೧ ಬಂತು. ಏಳರಿಂದ ಗುಣಿಸಿದರು. ಮೇಲೂ ಅದೇ, ಕೆಳಗೂ ಅದೇ. ಸೊನ್ನೆ ಬರೆಯುವ ಮೊದಲು ಪೆನ್ಸಿಲು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ಒಡೀತು," ಎಂದರು. ಆಮೇಲೆ ದೊಡ್ಡ ದನಿಯಲ್ಲಿ, "ರೇಣೂ, ಒಡೀತಲ್ಲ!"

ಅವರ ಮುಖ ಹುಡುಗನ ಮುಖದಂತೆ ಆಗಿತ್ತು. ರೇಣುಬಾಯಿ ಎಲ್ಲಕ್ಕೂ ಸಿದ್ಧರಾಗಿ ಬಂದಿದ್ದರು, ಇದಕ್ಕೊಂದು ಬಿಟ್ಟು. ಹದಿನೆಂಟು ವರ್ಷ ಹುಡುಕಿದವನಿಗೆ ಸಿಕ್ಕಿದ್ದರ ಸಂತೋಷ. ಎರಡು ವರ್ಷದ ಹಿಂದೆ, ಕಾಲು ಇನ್ನೂ ನೆಟ್ಟಗಿದ್ದಾಗ, ಒಂದು ಸಾಮಾನ್ಯ ದಿವಸ, ಸ್ವಂತ ಕೈಯಿಂದ ಸಿಗಬೇಕಾದದ್ದು. ಅದನ್ನು ತಿಂದುಹಾಕಿದವಳು ತಾನು.

ರಾಯರು ಹಳೆಯ ವಹಿ ತೆಗೆದು ಹಾಳೆ ಹುಡುಕಿದರು. ಬೆರಳು ತಪ್ಪಿದ ಜಾಗಕ್ಕೆ ಬಂದು ನಿಂತಿತು. "ಸೊನ್ನೆ ಆರು ಬರಿಯೂದು ಆರು ಸೊನ್ನೆ ಬರದೀನಿ. ನನ್ನ ತಪ್ಪು. ಕಾರ್ಖಾನಿಯೊಳಗ ಹಿಂಗ ಮಾಡಿದ್ದರ ಮೆಮೋ ಕೊಡತಿದ್ದರು." ನಕ್ಕರು. ಆಮೇಲೆ ಬೆರಳು ತಾನಾಗಿಯೇ ಕೆಳಗೆ, ಬಲಕ್ಕೆ ಸರಿಯಿತು. "ಗುಣಿಸಿದಾಗ ನಿನಗ ಹೆಂಗ ತಾಳೆ ಆತು ಇದು?"

ಕೇಳಿದ ರೀತಿಯಲ್ಲಿ ಸಂಶಯ ಇರಲಿಲ್ಲ. ನನಗೂ ತಪ್ಪಿರಬೇಕು ಬಿಡು ಎಂದು ಹೇಳಲು ಅವರೇ ದಾರಿ ಬಿಟ್ಟುಕೊಟ್ಟಿದ್ದರು.

"ಗುಣಿಸಿಲ್ಲ ಅಣ್ಣಾ."

"ಅಂದ್ರ?"

"ಒಂಬತ್ತು ಕಳದು ನೋಡಿ ಸಹಿ ಹಾಕೀನಿ. ಕಣ್ಣಿನ ಆಪರೇಶನ್ ಆದಾಗಿಂದ."

"ಇದೊಂದು ಹಾಳಿ?"

"ಎಲ್ಲಾ ಹಾಳಿ. ಐದು ವರ್ಷ."

ರಾಯರು ಕೂಗಾಡಲಿಲ್ಲ. ವಹಿಯನ್ನು ಮುಚ್ಚಿ, ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟರು. "ಹಂಗಾದ್ರ ಐದು ವರ್ಷದ್ದು ಯಾವದೂ ತಪಾಸ ಆಗಿಲ್ಲ," ಎಂದರು, ತಮ್ಮಷ್ಟಕ್ಕೆ ತಾವೇ ಎಂಬಂತೆ. ಆಮೇಲೆ, "ಹೇಳೇ ಬಿಟ್ಟಿದ್ದರ ನಾ ಬ್ಯಾಡ ಅಂತಿದ್ದಿಲ್ಲ. ವಾರಕ್ಕ ಎರಡು ಹಾಳಿ ಬರೀತಿದ್ದೆ" ಎಂದರು. ಎದ್ದು ಒಳಗೆ ಹೋಗಿ ತಾವೇ ಚಹಾ ಮಾಡಿ ತಂದರು. ತಂಗಿಯದಕ್ಕೆ ಸಕ್ಕರೆ ಕಡಿಮೆ, ಶುಂಠಿ ಹೆಚ್ಚು; ಅದನ್ನೂ ಮರೆತಿರಲಿಲ್ಲ. ಬೈದಿದ್ದರೆ ರೇಣುಬಾಯಿ ಕುಡಿಯಬಹುದಾಗಿತ್ತೋ ಏನೋ. ಒಂದು ಗುಟುಕು ಕುಡಿದು ಕಪ್ಪನ್ನು ಕೆಳಗಿಟ್ಟರು.

ರವಿವಾರ ಸಭಾಗೃಹ ತುಂಬಿತ್ತು. ಹದಿನೆಂಟು ಬಂಗಾರದ ಒಂದುಗಳ ಕೆಳಗೆ ರಾಯರನ್ನು ಕೂರಿಸಿ, ಶಾಲು ಹೊದಿಸಿ, ತಲೆಗೆ ಪುಣೇರಿ ಪಗಡಿ ಇಟ್ಟರು. ಪಗಡಿ ಒಂದು ಅಳತೆ ದೊಡ್ಡದು. ಕಿವಿಯ ಮೇಲೆ ಇಳಿಯಿತು. ಅದನ್ನು ಒಂದು ಕೈಯಿಂದ ಹಿಡಿದುಕೊಂಡೇ ರಾಯರು ಮೈಕಿನ ಮುಂದೆ ನಿಂತರು.

"ಎಲ್ಲಾರಿಗೂ ನಮಸ್ಕಾರ. ಈ ಸಂಖ್ಯಾ ಒಡೀತದ. ನಿನ್ನೆ ತಿಳೀತು. ಎರಡು ವರ್ಷದ ಹಿಂದ ತಿಳೀಬೇಕಾಗಿತ್ತು, ನನ್ನ ಭಾಗಾಕಾರದೊಳಗ ತಪ್ಪಾಗಿತ್ತು. ಒಡಿಯೂ ಸಂಖ್ಯಾ ಇಪ್ಪತ್ತು ಲಕ್ಷದ..."

ನಿತಿನ ಬದಿಯಿಂದ ಬಂದು ಇನ್ನೊಂದು ಮೈಕು ಹಿಡಿದ. "ನೋಡ್ರಿ, ನೋಡ್ರಿ! ದೊಡ್ಡವರ ವಿನಯ ಅಂದ್ರ ಇದು! ಇಷ್ಟು ಸಾಧನಾ ಮಾಡಿ ತಪ್ಪಾತು ಅಂತಾರ! ಜೋರಾಗಿ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ನಗರಸೇವಕರು ಫೋನಿನಿಂದ ಕಣ್ಣೆತ್ತಿ, ಏಕೆಂದು ತಿಳಿಯದೆ ತಾವೂ ತಟ್ಟಿದರು. ನಿತಿನ ಧ್ವನಿವರ್ಧಕದವನಿಗೆ ಹಾಡು ಹಾಕು ಎಂದು ಕೈಸನ್ನೆ ಮಾಡಿದ. ಆ ಮನುಷ್ಯ, ಕನ್ನಡದ ಗಂಧವೂ ಇಲ್ಲದ ನರೆಗೂದಲಿನ ಮರಾಠಿ ಗೃಹಸ್ಥ, ಸನ್ನೆಯನ್ನು ಕಂಡೂ ಕಾಣದವನಂತೆ ಮುದುಕ ಮಾತು ಮುಗಿಸಲೆಂದು ಕಾಯ್ದ. ಹಾಗಾಗಿ ರಾಯರು ಪೂರ್ತಿ ಸಂಖ್ಯೆ ಹೇಳಿದರು, ಎರಡನೆಯದನ್ನೂ ಹೇಳಿದರು. ಚಪ್ಪಾಳೆಯಲ್ಲಿ ಯಾರೂ ಕೇಳಲಿಲ್ಲ. ತಂಗಿಯ ಹೆಸರನ್ನು ಮಾತ್ರ ಅವರು ಎತ್ತಲಿಲ್ಲ. ತಪ್ಪೆಲ್ಲ ತಮ್ಮದೆಂದೇ ಹೇಳಿದರು.

ರೇಣುಬಾಯಿ ಎದ್ದು ನಿಂತರು. "ಅದನ್ನ ತಪಾಸ ಮಾಡಬೇಕಾದಾಕಿ ನಾನು" ಎಂದು ಶುರು ಮಾಡಿದರು. ಪಕ್ಕದವರು, "ಬಾಯಾರ, ಉಪ್ಪಿಟ್ಟು ಹಿಂದಿನ ಬಾಗಲಾಗ ಕೊಡಾಕತ್ತಾರ" ಎಂದು ಪ್ರೀತಿಯಿಂದ ದಾರಿ ಬಿಟ್ಟರು. ಮಂದಿಯೆಲ್ಲ ಎದ್ದು ಅತ್ತ ನಡೆದಿತ್ತು. ಎಣ್ಣೆ ಸೋರುವ ಉಪ್ಪಿಟ್ಟಿನ ದೊನ್ನೆ ಒಂದು ಅವರ ಕೈಗೆ ಬಂದು ಸೇರಿತು. ಅವರು ಅದನ್ನು ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಹದಿನೆಂಟು ಒಂದುಗಳನ್ನು ನೋಡುತ್ತ ನಿಂತರು.

ಮುಂದಿನ ಗುರುವಾರ ಒಂಬತ್ತು ಹೊಡೆಯಿತು. ಮೆಟ್ಟಿಲ ಮೇಲೆ ಸಪ್ಪಳ ಆಗಲಿಲ್ಲ. ಹತ್ತಾಯಿತು. ರೇಣುಬಾಯಿ ತಾವೇ ಇಳಿದು ಹೋದರು.

ಅಣ್ಣನ ಮೇಜಿನ ಮೇಲೆ ಹಳದಿಗಟ್ಟಿದ ಮೊದಲ ವರ್ಷದ ವಹಿಗಳು ತೆರೆದಿದ್ದವು. ನೀತಾ ಕೂತು ಗುಣಿಸುತ್ತಿದ್ದಳು.

"ಬಾ ರೇಣೂ," ರಾಯರು ಕುರ್ಚಿ ಎಳೆದುಕೊಟ್ಟರು. "ಎರಡನೇ ತುಂಡು, ಆ ಐದುನೂರ ಮೂವತ್ತಾರು ಕೋಟಿದು, ಇನ್ನ ಒಡೀತದೋ ಇಲ್ಲೋ ನೋಡಬೇಕಲ್ಲ. ಅದರ ವರ್ಗಮೂಲ ಎಪ್ಪತ್ತನಾಲ್ಕು ಸಾವಿರದ ಒಳಗ ಅದ. ಒಡಿಯೂದಿದ್ದರ ಅಷ್ಟರೊಳಗಿಂದs ಒಂದು ಅದನ್ನ ಒಡೀಬೇಕು. ಅದನ್ನ ಒಡಿಯೂದು ಹದಿನೇಳು ಒಂದನ್ನೂ ಒಡೀತಿತ್ತು. ಅವನ್ನೆಲ್ಲಾ ಮೊದಲನೇ ವರ್ಷನೇ ನೋಡೇವಿ. ಅಂದ್ರ, ಆ ವಹಿ ಸರಿ ಇದ್ದರ, ಅದು ಒಡಿಯೂದಿಲ್ಲ ಅಂತ ಸಿದ್ಧ ಆಗೇಬಿಟ್ಟದ! ಹೊಸಾ ಭಾಗಾಕಾರ ಒಂದೂ ಬ್ಯಾಡ."

ರೇಣುಬಾಯಿಗೆ ಅದು ಆ ಕ್ಷಣವೇ ತಿಳಿಯಿತು. ತಿಳಿದು ಎದೆ ಹಿಗ್ಗಿತು. ಆ ವರ್ಷದ ಒಂದೊಂದು ಹಾಳೆಯನ್ನೂ ಅವರು ಗುಣಿಸಿದ್ದರು. ಬೇಸಗೆಯಲ್ಲಿ, ಬೆರಳು ನೋಯುವ ತನಕ, ಒಂದನ್ನೂ ಬಿಡದೆ. "ಆ ವರ್ಷ ನಾ ಎಲ್ಲಾ..." ಎಂದರು.

"ನನಗ ಗೊತ್ತದವ್ವಾ," ರಾಯರು ಮೃದುವಾಗಿ ಹೇಳಿದರು. ಅವರ ಕಣ್ಣು ವಹಿಯ ಮೇಲೇ ಇತ್ತು. "ಆದ್ರೂ ನೀತಾ ಒಮ್ಮೆ ನೋಡ್ಲಿ. ಎಂಟುನೂರು ಚಿಲ್ಲರೆ ಅವ, ಭಾಳ ಇಲ್ಲ."

ನೀತಾ ತಲೆಯೆತ್ತದೆ ಗುಣಿಸಿದಳು, ಕೂಡಿಸಿದಳು. ಹದಿನೇಳು ಒಂದುಗಳು ಬಂದವು. "ಇದು ಸರಿ ಅದ ಅತ್ಯಾ," ಎಂದಳು, ಬೇಕೆಂದೇ ಗಟ್ಟಿಯಾಗಿ. ಮುಂದಿನದು. "ಇದೂ ಸರಿ ಅದ." ಪ್ರತಿ ಸಲ ಅವರ ಕಡೆ ನೋಡಿ ಒಂದಿಷ್ಟು ನಗುತ್ತಿದ್ದಳು. ಒಳ್ಳೆಯ ಹುಡುಗಿ. ರೇಣುಬಾಯಿ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತರು. ಮಾಡಬಲ್ಲವಳಾಗಿದ್ದೆ, ಮಾಡುತ್ತಿದ್ದೆ, ಬೇಕೆಂದೇ ಬಿಟ್ಟೆ ಎಂಬುದನ್ನು ಒಂದೊಂದು ಹಾಳೆಯೂ ಸಾಕ್ಷಿ ಹೇಳುತ್ತಿತ್ತು. ನಾಲ್ಕನೆಯ ಹಾಳೆ ಮುಗಿಯುವ ಹೊತ್ತಿಗೆ, ಇದರಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಅವರು ಬಯಸುತ್ತಿದ್ದರು. ಆ ಬಯಕೆಗೂ ಅವರಿಗೆ ಹೇಸಿಗೆಯಾಯಿತು.

"ಇದೂ ಸರಿ ಅದ್ರಿ ಅತ್ಯಾ," ನೀತಾ ಹೇಳಿದಳು.